ತಲೆ ಬಿಡಿ, ರೆಕ್ಕೆ ನೋಡಿ: ಕರಿತಲೆ ಕಡಲಹಕ್ಕಿಯನ್ನು ಗುರುತಿಸುವುದು ಹೇಗೆ?

ಚಳಿಗಾಲ ಬಂತೆಂದರೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಹಕ್ಕಿ ಪುಸ್ತಕದಲ್ಲಿ ಕರಿತಲೆ ಕಡಲಹಕ್ಕಿ ಅಂತಿದೆ. ನಾನು ನೋಡಿದ ಹಕ್ಕಿಯ ತಲೆ ಬೆಳ್ಳಗಿತ್ತು, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಇತ್ತು. ಹಾಗಾದರೆ ಇದು ಯಾವುದು?" ಹತ್ತರಲ್ಲಿ ಆರೇಳು ಸಲ ಉತ್ತರ ಒಂದೇ: ಅದು ಕರಿತಲೆ ಕಡಲಹಕ್ಕಿಯೇ.

ತಪ್ಪು ನಿಮ್ಮದಲ್ಲ, ಹೆಸರಿನದು. ಬ್ಲ್ಯಾಕ್‌-ಹೆಡೆಡ್ ಗಲ್ ಎಂದು ಕರೆಸಿಕೊಳ್ಳುವ ಈ ಹಕ್ಕಿಯ ತಲೆ ಯಾವ ಕಾಲದಲ್ಲೂ ಕಪ್ಪಾಗುವುದಿಲ್ಲ. ಮರಿ ಮಾಡುವ ಕಾಲದಲ್ಲಿ ಕಡು ಚಾಕೊಲೇಟ್ ಕಂದಾಗುತ್ತದೆ, ಉಳಿದ ತಿಂಗಳುಗಳಲ್ಲಿ ಬಿಳಿಯಾಗಿರುತ್ತದೆ. ಕಡಲಹಕ್ಕಿ ಅನ್ನುವುದೂ ಅರ್ಧ ಸತ್ಯ. ಗೂಡು ಕಟ್ಟುವುದು ಹೆಚ್ಚಾಗಿ ಒಳನಾಡಿನ ಜವುಗು, ಕೆರೆ, ಜೊಂಡಿನ ನಡುವೆ. ಇದು ಸಾಲದು ಎಂಬಂತೆ ಪಕ್ಕದಲ್ಲೇ ಕಂದುತಲೆ ಕಡಲಹಕ್ಕಿ ಎಂಬ ಇನ್ನೊಂದು ಜಾತಿ ಇದೆ. ಅದರ ತಲೆಯೂ ಕಂದು!

ಆದ್ದರಿಂದ ಈ ಲೇಖನದ ಸೂತ್ರ ಇಷ್ಟೇ: ತಲೆ ನೋಡಿ ಅನುಮಾನ ಪಡಿ, ರೆಕ್ಕೆ ನೋಡಿ ತೀರ್ಮಾನಿಸಿ.

ವೈಜ್ಞಾನಿಕ ಹೆಸರು ಕ್ರೋಯಿಕೊಸೆಫಾಲಸ್ ರಿಡಿಬುಂಡಸ್. ಜೀವಿಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನ್ನೇಯಸ್ 1766ರಲ್ಲಿ ಕೊಟ್ಟ 'ರಿಡಿಬುಂಡಸ್' ಅಂದರೆ ನಗುವ ಹಕ್ಕಿ ಎಂದರ್ಥ. ಕೂಗು ಕೇಳಿದರೆ ನಗುವಿಗಿಂತ ಜಗಳದಂತಿರುತ್ತದೆ, ಅದು ಬೇರೆ ಮಾತು. ಮೊದಲ ಭಾಗಕ್ಕೆ ಗ್ರೀಕ್‌ನಲ್ಲಿ ಬಣ್ಣ ಬಳಿದ ತಲೆ ಎಂಬ ಅರ್ಥ. ಹಳೆಯ ಪುಸ್ತಕಗಳಲ್ಲಿ ಲ್ಯಾರಸ್ ರಿಡಿಬುಂಡಸ್ ಎಂದು ಕಂಡರೆ ಗಾಬರಿ ಬೇಡ, ಎರಡೂ ಒಂದೇ. ಯುರೋಪಿನಿಂದ ಪೂರ್ವ ಏಷ್ಯಾದವರೆಗೆ ಮರಿ ಮಾಡುವ ಈ ಹಕ್ಕಿ ಚಳಿಗಾಲದಲ್ಲಿ ದಕ್ಷಿಣಕ್ಕೆ ಇಳಿದು ಆಫ್ರಿಕ, ಭಾರತ, ಆಗ್ನೇಯ ಏಷ್ಯಾದ ತೀರಗಳಿಗೂ ಬರುತ್ತದೆ.

ಏನೇನು ಬೇಕು

ಬೈನಾಕ್ಯುಲರ್ ಒಂದಿದ್ದರೆ ಸಾಕು. 8×42 ಎಂದು ಬರೆದಿರುವುದು ಒಳ್ಳೆಯದು. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ, 42 ಅಂದರೆ ಮುಂದಿನ ಮಸೂರದ ಅಗಲ ಮಿಲಿಮೀಟರ್‌ಗಳಲ್ಲಿ. ಹತ್ತು ಪಟ್ಟಿನದು ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಹಾರುವ ಹಕ್ಕಿಯನ್ನು ಹಿಂಬಾಲಿಸಲು ಎಂಟೇ ಹಿತ. ಕೈ ನಡುಕ ಕಡಿಮೆ ಕಾಣುತ್ತದೆ, ನೋಟದ ಹರವೂ ಹೆಚ್ಚು. ದೂರದ ಮರಳದಿಣ್ಣೆಯ ಮೇಲೆ ಕೂತ ಗುಂಪನ್ನು ಜಾಲಾಡಲು ಮಾತ್ರ ಸ್ಟ್ಯಾಂಡಿನ ಮೇಲಿಡುವ ಸ್ಪಾಟಿಂಗ್ ಸ್ಕೋಪ್ ಬೇಕಾದೀತು.

ಕ್ಯಾಮೆರಾ ಇದ್ದರೆ ಷಟರ್ ವೇಗ 1/1600 ಸೆಕೆಂಡಿಗಿಂತ ನಿಧಾನ ಬೇಡ. ಬಿಸಿಲಿನಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಫೋಟೊದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಹೊಂದಿಕೆ, ಮೈನಸ್ 0.7 ಸುತ್ತ ಇಡಿ. ಬಿಳಿ ಹಕ್ಕಿ, ಹಿಂದೆ ಗಾಢ ನೀರು, ಆಟೋ ಮೋಡ್ ಈ ಮೂರೂ ಸೇರಿದರೆ ರೆಕ್ಕೆಯ ಬಿಳಿ ಬೂದು ವ್ಯತ್ಯಾಸವೆಲ್ಲ ಒಂದೇ ಬಿಳಿಯಾಗಿ ಸುಟ್ಟುಹೋಗುತ್ತದೆ. ಗುರುತಿಗೆ ಬೇಕಾದ ಸಾಕ್ಷ್ಯ ಇರುವುದೇ ಆ ವ್ಯತ್ಯಾಸದಲ್ಲಿ.

ಇನ್ನು ಪುಟ್ಟ ನೋಟ್‌ಬುಕ್, ಪೆನ್ಸಿಲ್. ತೇವದಲ್ಲಿ ಪೆನ್ನಿನ ಶಾಯಿ ಹರಡುತ್ತದೆ.

ಹಂತ 1: ನಿಲ್ಲುವ ಜಾಗ

ಸೂರ್ಯ ನಿಮ್ಮ ಬೆನ್ನಿಗಿರಲಿ. ಇದನ್ನು ಎಲ್ಲರೂ ಹೇಳುತ್ತಾರೆ, ಗಾಳಿಯ ವಿಷಯ ಮರೆಯುತ್ತಾರೆ. ಕಡಲಹಕ್ಕಿಗಳು ಕೂತಾಗಲೂ ಗಾಳಿಗೆ ಮುಖ ಮಾಡಿಯೇ ಕೂರುತ್ತವೆ, ಇಲ್ಲದಿದ್ದರೆ ಗರಿ ಕೆದರುತ್ತದೆ. ಗಾಳಿ ನಿಮ್ಮ ಎದುರಿನಿಂದ ಬೀಸುತ್ತಿದ್ದರೆ ನಿಮಗೆ ಕಾಣುವುದು ನೂರು ಬಾಲಗಳು. ಗಾಳಿ ಎಡದಿಂದಲೋ ಬಲದಿಂದಲೋ ಬೀಸುವ ಜಾಗ ಹುಡುಕಿ ನಿಂತರೆ ಇಡೀ ಗುಂಪು ಪಕ್ಕನೋಟದಲ್ಲಿ ಸಿಗುತ್ತದೆ. ಕೊಕ್ಕು, ಕಣ್ಣು, ಕಾಲು ಎಲ್ಲವೂ ಒಮ್ಮೆಗೇ.

ಬೆಳಕು ಎದುರಿಗಿದ್ದರೆ ಕೆಂಪು ಕಾಲು ಕಪ್ಪಾಗಿ ಕಾಣುತ್ತದೆ, ಬಿಳಿ ಎದೆ ಬೂದಾಗಿ ಕಾಣುತ್ತದೆ. ಸಂಜೆಯ ಬೆಳಕಿನಲ್ಲಿ ಬಿಳಿ ಗರಿ ಹಳದಿ ಹಿಡಿಯುತ್ತದೆ. ಇಂಥ ಹೊತ್ತಿನಲ್ಲಿ ತೆಗೆದ ಫೋಟೊ ಇಟ್ಟುಕೊಂಡು ಬಣ್ಣದ ಬಗ್ಗೆ ವಾದ ಮಾಡಬೇಡಿ.

ಹಂತ 2: ಇದು ಕಡಲಹಕ್ಕಿಯೇ, ರೀವವೇ?

ರೀವ ಅಂದರೆ ಟರ್ನ್. ನೀರಿನ ಮೇಲೆ ಹಾರುವ ಬೂದು-ಬಿಳಿ ಹಕ್ಕಿಯೆಲ್ಲ ಕಡಲಹಕ್ಕಿಯಲ್ಲ. ರೀವದ ರೆಕ್ಕೆ ಸಪೂರ, ಕೊಕ್ಕು ಚೂರಿಯಂತೆ ಚೂಪು, ಬಾಲ ಸಾಮಾನ್ಯವಾಗಿ ಕವಲು. ಹಾರುವಾಗ ಕೊಕ್ಕು ಕೆಳಮುಖ ಮಾಡಿ ನೀರನ್ನು ದಿಟ್ಟಿಸುತ್ತ, ತಟಕ್ಕನೆ ಕೆಳಗೆ ಬೀಳುತ್ತದೆ. ಕಡಲಹಕ್ಕಿಯ ಬಾಲ ಬೀಸಣಿಗೆಯಂತೆ ದುಂಡು, ಕೊಕ್ಕಿನ ತುದಿ ತುಸು ಬಾಗಿರುತ್ತದೆ, ಮೈ ತುಂಬಿಕೊಂಡಿರುತ್ತದೆ. ಅದು ಆರಾಮವಾಗಿ ನೀರಿನ ಮೇಲೆ ಕೂತು ತೇಲುತ್ತದೆ. ರೀವಗಳು ಹಾಗೆ ತೇಲುವುದು ಅಪರೂಪ.

ಒಂದು ಗುಂಡಿ ಇಲ್ಲಿದೆ, ಅನುಭವಿಗಳೂ ಬೀಳುತ್ತಾರೆ. ಗಲ್‌-ಬಿಲ್ಡ್ ಟರ್ನ್ ಎಂಬ ರೀವಕ್ಕೆ ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಕಪ್ಪು ಮಚ್ಚೆ, ಕೊಕ್ಕೂ ದಪ್ಪ. ಥೇಟ್ ಚಳಿಗಾಲದ ಕರಿತಲೆಯೇ. ಬಿಡಿಸಿಕೊಳ್ಳುವ ದಾರಿ ಸುಲಭ: ಅದರ ಕೊಕ್ಕು ಮತ್ತು ಕಾಲು ಪೂರ್ತಿ ಕಪ್ಪು. ಕರಿತಲೆಗೆ ಎರಡೂ ಕೆಂಪು, ಎಳೆಯದಾದರೆ ಕಿತ್ತಳೆ.

ಹಂತ 3: ಗಾತ್ರ, ಆದರೆ ಹೋಲಿಸಿ ಮಾತ್ರ

ಕರಿತಲೆಯ ಉದ್ದ ಸುಮಾರು 37ರಿಂದ 43 ಸೆಂಟಿಮೀಟರ್. ಹೆಚ್ಚೂಕಡಿಮೆ ಊರಕಾಗೆಯಷ್ಟು. ಬಿಚ್ಚಿದ ರೆಕ್ಕೆ ತುದಿಯಿಂದ ತುದಿಗೆ ಒಂದು ಮೀಟರ್ ಆಸುಪಾಸು. ಒಂಟಿ ಹಕ್ಕಿಯ ಗಾತ್ರವನ್ನು ಖಾಲಿ ಆಕಾಶದಲ್ಲಿ ಅಂದಾಜು ಮಾಡಬೇಡಿ, ನೀರಿನ ಮೇಲಂತೂ ದೂರ ತಿಳಿಯುವುದೇ ಇಲ್ಲ. ಪಕ್ಕದಲ್ಲಿ ಕಾಗೆಯೋ ಬೆಳ್ಳಕ್ಕಿಯೋ ಬೇರೆ ಕಡಲಹಕ್ಕಿಯೋ ಇದ್ದರೆ ಅದರ ಜೊತೆ ಅಳೆಯಿರಿ. ಗುಂಪಿನ ನಡುವೆ ದೈತ್ಯನಂತೆ ಒಂದು ನಿಂತಿದ್ದು, ಅದಕ್ಕೆ ಕಪ್ಪು ತಲೆ, ಹಳದಿ ಕೊಕ್ಕಿನ ತುದಿಯ ಬಳಿ ಕಪ್ಪು ಪಟ್ಟಿ ಇದ್ದರೆ ಅದು ಪಲ್ಲಾಸ್ ಗಲ್. ಗೊಂದಲಕ್ಕೆ ಎಡೆಯೇ ಇಲ್ಲ.

ಹಂತ 4: ತಲೆ ಓದುವುದು

ಪಕ್ಷಿ ವೀಕ್ಷಕರು ತಲೆಯ ಗಾಢ ಬಣ್ಣವನ್ನು ಹುಡ್ ಎನ್ನುತ್ತಾರೆ, ಇಲ್ಲಿ ಟೊಪ್ಪಿಗೆ ಎನ್ನೋಣ. ಕರಿತಲೆಯ ಟೊಪ್ಪಿಗೆ ಸರಿಯಾಗಿ ಹಾಕಿಕೊಳ್ಳದ ಟೊಪ್ಪಿಗೆ. ಮುಖ ಮುಚ್ಚಿ ನೆತ್ತಿಯ ಹಿಂಭಾಗಕ್ಕೆ ನಿಂತುಬಿಡುತ್ತದೆ, ಕತ್ತಿನ ಹಿಂಬದಿ ಬಿಳಿಯಾಗಿಯೇ ಉಳಿಯುತ್ತದೆ. ಕಣ್ಣಿನ ಹಿಂದೆ ಮೇಲೂ ಕೆಳಗೂ ಸಣ್ಣ ಬಿಳಿ ಅರ್ಧಚಂದ್ರ. ಮೆಡಿಟರೇನಿಯನ್ ಗಲ್, ಲಿಟಲ್ ಗಲ್‌ಗಳಲ್ಲಿ ಟೊಪ್ಪಿಗೆ ನಿಜಕ್ಕೂ ಕಪ್ಪು, ಕತ್ತಿನವರೆಗೂ ಇಳಿದಿರುತ್ತದೆ. ಹೆಸರು ಅವುಗಳಿಗೆ ಸಲ್ಲಬೇಕಿತ್ತು.

ಟೊಪ್ಪಿಗೆ ಬರುವುದು ಹೋಗುವುದು ಗರಿ ಬದಲಾವಣೆಯಿಂದ. ಹಳೆಯ ಗರಿ ಉದುರಿ ಹೊಸದು ಮೂಡುವುದಕ್ಕೆ ಮೋಲ್ಟ್ ಎನ್ನುತ್ತಾರೆ. ಉತ್ತರಾರ್ಧಗೋಳದ ಲೆಕ್ಕದಲ್ಲಿ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಕಂದು ಮೂಡುತ್ತದೆ, ಜುಲೈ-ಆಗಸ್ಟ್‌ನಲ್ಲಿ ಉದುರುತ್ತದೆ. ಕೆಲವು ಆತುರಗಾರ ಹಕ್ಕಿಗಳು ಜನವರಿಯಲ್ಲೇ ಶುರು ಮಾಡುತ್ತವೆ. ನಡುವಿನ ವಾರಗಳಲ್ಲಿ ಮುಖ ಮಸಿ ಚಿಮುಕಿಸಿದಂತೆ ಚುಕ್ಕೆಚುಕ್ಕೆಯಾಗಿರುತ್ತದೆ. ಇದನ್ನು ಹೊಸ ಜಾತಿ ಅಂದುಕೊಳ್ಳಬೇಡಿ.

ಚಳಿಗಾಲದ ತಲೆ ಬಿಳಿ, ಕಿವಿಯ ಜಾಗದಲ್ಲಿ ಒಂದು ಗಾಢ ಚುಕ್ಕೆ. ಗಮನವಿಟ್ಟು ನೋಡಿದರೆ ಆ ಚುಕ್ಕೆಯಿಂದ ನೆತ್ತಿಯ ಮೇಲೆ ಹಾದುಹೋಗುವ ಮಸುಕು ಬೂದು ಪಟ್ಟಿಯೂ ಕಾಣುತ್ತದೆ. ಹೆಡ್‌ಫೋನ್ ಹಾಕಿಕೊಂಡಂತೆ! ಆದರೆ ಇದೇ ಹೆಡ್‌ಫೋನ್ ಕಂದುತಲೆಗೂ ಇದೆ. ಹಾಗಾಗಿ ಇಲ್ಲಿಗೆ ನಿಲ್ಲದೆ ಮುಂದಿನ ಹಂತಕ್ಕೆ ಬನ್ನಿ.

ಹಂತ 5: ರೆಕ್ಕೆ, ಇಲ್ಲೇ ತೀರ್ಮಾನ

ರೆಕ್ಕೆಯ ಹೊರ ಅರ್ಧದಲ್ಲಿ, ನಮ್ಮ ಅಂಗೈ ಇರುವ ಜಾಗದಲ್ಲಿ, ಇರುವ ಉದ್ದ ಗರಿಗಳಿಗೆ ಪ್ರೈಮರಿ ಎನ್ನುತ್ತಾರೆ. ಹೊರ ಹಾರುಗರಿ ಅಂದರೂ ಸರಿ. ಹಕ್ಕಿ ಹಾರಲಿ, ಇಲ್ಲವೇ ಮೈಮುರಿದು ರೆಕ್ಕೆ ಚಾಚಲಿ, ಅಲ್ಲಿಯವರೆಗೆ ಕಾಯಿರಿ. ಕೂತ ಹಕ್ಕಿ ಒಮ್ಮೆಯಾದರೂ ಚಾಚುತ್ತದೆ, ಐದು ಹತ್ತು ನಿಮಿಷ ತಾಳ್ಮೆ ಇರಬೇಕು ಅಷ್ಟೆ.

ಬಲಿತ ಕರಿತಲೆಯಲ್ಲಿ ಮೇಲಿನಿಂದ ಕಾಣುವುದು ಇದು: ತಿಳಿ ಬೂದು ರೆಕ್ಕೆ, ಅದರ ಮುಂದಂಚಿನಲ್ಲಿ ಮಣಿಕಟ್ಟಿನಿಂದ ತುದಿಯವರೆಗೆ ಉದ್ದನೆಯ ಬಿಳಿ ತ್ರಿಕೋನ. ಹೊರ ಹಾರುಗರಿಗಳ ತುದಿಗೆ ಮಾತ್ರ ಕಪ್ಪು ಅದ್ದಿದಂತೆ. ಈ ಬಿಳಿ ತ್ರಿಕೋನ ಅರ್ಧ ಕಿಲೋಮೀಟರ್ ದೂರದಿಂದಲೂ ಮಿಂಚುತ್ತದೆ. ಅಡಿಯಿಂದ ನೋಡಿದರೆ ಮುಂದಂಚು ಬಿಳಿಯೇ, ಅದರ ಹಿಂದಿನ ಹಾರುಗರಿಗಳು ಮಾತ್ರ ಕಡುಬೂದು. ಬಿಳಿಯ ಪಕ್ಕದಲ್ಲೇ ನೆರಳು ಬಿದ್ದ ಹಾಗೆ.

ಕಂದುತಲೆಯದು ತಲೆಕೆಳಗು. ರೆಕ್ಕೆಯ ತುದಿ ದೊಡ್ಡ ಕಪ್ಪು ತುಂಡು, ಅದರೊಳಗೆ ಕಿಟಕಿಯಂತೆ ಎರಡು ಬಿಳಿ ಮಚ್ಚೆ. ಈ ಮಚ್ಚೆಗಳಿಗೆ ವೀಕ್ಷಕರ ಭಾಷೆಯಲ್ಲಿ ಮಿರರ್, ಅಂದರೆ ಕನ್ನಡಿ, ಎಂದು ಹೆಸರು. ಕಪ್ಪು ತುಂಡಿನ ಒಳಬದಿಗೆ, ಗರಿಗಳ ಬುಡದಲ್ಲಿ, ಬಿಳಿ ತೇಪೆ. ಕರಿತಲೆಯಲ್ಲಿ ಕನ್ನಡಿ ಇಲ್ಲ. ಒಂದೇ ಒಂದು ಅಂಶ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ: ತುದಿಯವರೆಗೆ ಬಿಳಿ ಮುಂದಂಚು ಇದ್ದರೆ ಕರಿತಲೆ, ಕಪ್ಪು ತುದಿಯೊಳಗೆ ಬಿಳಿ ಕನ್ನಡಿ ಇದ್ದರೆ ಕಂದುತಲೆ.

ಎಡವುವುದು ಎರಡು ಕಡೆ.

ಮೊದಲನೆಯದು, ಕಂದುತಲೆಯ ಎಳೆಯ ಹಕ್ಕಿಗೆ ಕನ್ನಡಿ ಇನ್ನೂ ಮೂಡಿರುವುದಿಲ್ಲ, ರೆಕ್ಕೆಯ ತುದಿ ಪೂರ್ತಿ ಕಪ್ಪು. ಕನ್ನಡಿ ಇಲ್ಲ, ಆದ್ದರಿಂದ ಕರಿತಲೆ ಎನ್ನುವ ತರ್ಕ ಇಲ್ಲಿ ಕೈಕೊಡುತ್ತದೆ. ಕರಿತಲೆಯ ಎಳೆಯ ಹಕ್ಕಿಯಲ್ಲೂ ಮುಂದಂಚಿನ ಬಿಳಿ ಇರುತ್ತದೆ, ಕಪ್ಪು ಗೆರೆಗಳಿಂದ ತುಂಡಾಗಿರುತ್ತದೆ ಅಷ್ಟೆ. ಹುಡುಕಬೇಕಾದ್ದು ಕನ್ನಡಿಯ ಕೊರತೆಯನ್ನಲ್ಲ, ಬಿಳಿ ಮುಂದಂಚನ್ನು.

ಎರಡನೆಯದು, ಜುಲೈನಿಂದ ಅಕ್ಟೋಬರ್‌ವರೆಗೆ ಬಲಿತ ಹಕ್ಕಿ ಹಾರುಗರಿಗಳನ್ನೂ ಬದಲಿಸುತ್ತಿರುತ್ತದೆ. ಒಳಗಿನಿಂದ ಶುರುವಾಗಿ ಹೊರತುದಿಯ ಗರಿ ಕೊನೆಗೆ ಬದಲಾಗುತ್ತದೆ. ಆ ದಿನಗಳಲ್ಲಿ ರೆಕ್ಕೆಯ ತುದಿ ಮೊಂಡಾಗಿ ದುಂಡಗಿರುತ್ತದೆ, ಬಿಳಿ ತ್ರಿಕೋನ ಚಿಕ್ಕದಾಗಿ ಕಾಣುತ್ತದೆ. ಎರಡು ರೆಕ್ಕೆಯಲ್ಲೂ ಒಂದೇ ಜಾಗದಲ್ಲಿ ಸಂದು ಕಂಡರೆ ಅದು ಮೋಲ್ಟ್. ಒಂದೇ ರೆಕ್ಕೆಯಲ್ಲಿದ್ದರೆ ಗರಿ ಯಾವುದೋ ಪೆಟ್ಟಿಗೆ ಕಳಚಿದೆ.

ಹಂತ 6: ಕೊಕ್ಕು, ಕಣ್ಣು, ಕಾಲು

ಹಕ್ಕಿ ಹಾರಲೊಲ್ಲದಿದ್ದರೆ ಇವುಗಳಿಂದ ಕೆಲಸ ನಡೆಸಬಹುದು. ಮರಿ ಮಾಡುವ ಕಾಲದಲ್ಲಿ ಕರಿತಲೆಯ ಕೊಕ್ಕು, ಕಾಲು ಎರಡೂ ಕಡುಗೆಂಪು, ದೂರಕ್ಕೆ ಕಪ್ಪೆನ್ನಿಸುವಷ್ಟು. ಚಳಿಗಾಲದಲ್ಲಿ ಕೊಕ್ಕು ಎದ್ದುಕಾಣುವ ಕೆಂಪಾಗಿ ತುದಿ ಮಾತ್ರ ಕಪ್ಪಾಗುತ್ತದೆ. ಕಣ್ಣು ಯಾವ ವಯಸ್ಸಿನಲ್ಲೂ ಗಾಢ ಕಂದು, ಹಾಗಾಗಿ ಮುಖಕ್ಕೆ ಸಾಧು ಕಳೆ.

ಬಲಿತ ಕಂದುತಲೆಯ ಕಣ್ಣಿನ ಪಾಪೆಯ ಸುತ್ತ ಬಿಳಿಚು ಬಣ್ಣ. ಕೊಕ್ಕು ದಪ್ಪ, ಮೈ ತುಸು ದೊಡ್ಡದು. ದುರುಗುಟ್ಟಿ ನೋಡುವ ಮುಖ ಅನ್ನಿಸುತ್ತದೆ. ಎಳೆಯ ಕಂದುತಲೆಗೂ ಗಾಢ ಕಣ್ಣಿರುವುದುಂಟು, ಆದ್ದರಿಂದ ಬಿಳಿ ಕಣ್ಣು ಸಾಕ್ಷಿ, ಕಪ್ಪು ಕಣ್ಣು ಸಾಕ್ಷಿಯಲ್ಲ.

ಮೂರನೆಯ ಹೋಲಿಕೆ ಸ್ಲೆಂಡರ್‌-ಬಿಲ್ಡ್ ಗಲ್. ಇದನ್ನು ರೆಕ್ಕೆಯಿಂದ ಬೇರ್ಪಡಿಸಲಾಗದು, ಬಿಳಿ ತ್ರಿಕೋನ ಇದಕ್ಕೂ ಇದೆ. ನಮ್ಮ ಸೂತ್ರ ಸೋಲುವ ಜಾಗ ಇದೊಂದೇ. ಇದರ ತಲೆಗೆ ಯಾವ ಕಾಲದಲ್ಲೂ ಟೊಪ್ಪಿಗೆ ಬರುವುದಿಲ್ಲ. ಹಣೆ ಇಳಿಜಾರು, ಕೊಕ್ಕು ಉದ್ದ, ಕತ್ತು ಉದ್ದ. ಕರಿತಲೆಯ ಹಣೆ ದುಂಡಗೆ ಎದ್ದಿರುತ್ತದೆ, ಇದರಲ್ಲಿ ಕೊಕ್ಕಿನಿಂದ ನೆತ್ತಿಯವರೆಗೆ ಒಂದೇ ಜಾರುಬಂಡೆ. ಕಿವಿಚುಕ್ಕೆ ಇದ್ದರೂ ಬಹಳ ಮಸುಕು, ಬಲಿತ ಹಕ್ಕಿಯ ಕಣ್ಣು ತಿಳಿ ಬಣ್ಣದ್ದು. ಗಾಬರಿಗೊಂಡು ಕತ್ತು ನೀಟಿದ ಕರಿತಲೆಯೂ ಕ್ಷಣಕಾಲ ಹೀಗೆ ಕಂಡೀತು. ಅದು ಸಮಾಧಾನಗೊಂಡ ಮೇಲೆ ಇನ್ನೊಮ್ಮೆ ನೋಡಿ.

ಹಂತ 7: ವಯಸ್ಸು

ಕರಿತಲೆ ಬಲಿಯಲು ಎರಡು ವರ್ಷ. ದೊಡ್ಡ ಜಾತಿಯ ಕಡಲಹಕ್ಕಿಗಳಿಗೆ ನಾಲ್ಕೈದು ವರ್ಷ ಬೇಕು, ಅವುಗಳ ವಯಸ್ಸು ಹೇಳುವುದು ತಲೆನೋವು. ಇದು ಸುಲಭದ್ದು.

- ಗೂಡು ಬಿಟ್ಟ ಹೊಸತರಲ್ಲಿ: ಬೆನ್ನು, ಕತ್ತಿನ ಪಕ್ಕ ಶುಂಠಿ ಕಂದು. ಮೊದಲ ಸಲ ನೋಡಿದವರು ಇದನ್ನು ಕಡಲಹಕ್ಕಿ ಎಂದೇ ನಂಬುವುದಿಲ್ಲ.
- ಮೊದಲ ಚಳಿಗಾಲ: ಬೆನ್ನು ಬೂದಾಗಿದೆ, ಆದರೆ ರೆಕ್ಕೆಯ ಒಳಭಾಗದಲ್ಲಿ ಓರೆಯಾಗಿ ಕಂದು ಪಟ್ಟಿ, ಹಿಂದಂಚಿನಲ್ಲಿ ಇನ್ನೊಂದು ಗಾಢ ಪಟ್ಟಿ, ಬಾಲದ ತುದಿಗೆ ಅಡ್ಡಲಾಗಿ ಕಪ್ಪು. ಕಾಲು, ಕೊಕ್ಕಿನ ಬುಡ ಕಿತ್ತಳೆ.
- ಮೊದಲ ಬೇಸಿಗೆ: ಅರ್ಧಂಬರ್ಧ ಟೊಪ್ಪಿಗೆ, ರೆಕ್ಕೆಯಲ್ಲಿ ಮಾಸಿದ ಕಂದು, ಬಾಲದ ಪಟ್ಟಿ ಇನ್ನೂ ಇದೆ.
- ಎರಡನೆಯ ಚಳಿಗಾಲದಿಂದ: ಬಲಿತ ಹಕ್ಕಿಯಂತೆಯೇ.

ತಲೆಗಿಂತ ಬಾಲದ ಪಟ್ಟಿಯನ್ನು ನಂಬಿ. ಪಟ್ಟಿ ಇದೆಯೆಂದರೆ ಎಳೆಯದು, ತಲೆ ಏನೇ ಹೇಳಲಿ.

ಹಂತ 8: ನಡವಳಿಕೆ ಓದುವುದು

ಹೆಸರು ಸಿಕ್ಕಿತೆಂದು ಬೈನಾಕ್ಯುಲರ್ ಕೆಳಗಿಳಿಸಿದರೆ ಅರ್ಧ ಸೊಗಸು ಕಳೆದುಕೊಂಡಂತೆ. ಈ ಹಕ್ಕಿಯ ಬದುಕು ಬಯಲಲ್ಲೇ ನಡೆಯುತ್ತದೆ, ನೋಡಲು ಮರೆಯಲ್ಲಿ ಅಡಗಬೇಕಾಗಿಲ್ಲ.

ಊಟ. ಎರೆಹುಳು, ಕೀಟ, ಸಣ್ಣ ಮೀನು, ಕಾಳು, ಸತ್ತ ಪ್ರಾಣಿ, ಮನುಷ್ಯ ಬಿಸಾಕಿದ್ದು, ಏನೂ ಬಿಡುವುದಿಲ್ಲ. ಉಳುವ ಟ್ರ್ಯಾಕ್ಟರಿನ ಹಿಂದೆ ಬಿಳಿ ಮೋಡದಂತೆ ಹಿಂಬಾಲಿಸುತ್ತದೆ. ರೆಕ್ಕೆ ಬಂದ ಇರುವೆಗಳು ಏಳುವ ಸಂಜೆ ಗುಂಪಾಗಿ ಮೇಲೇರಿ, ಗಾಳಿಯಲ್ಲೇ ಸುಳಿದು ಸುಳಿದು ಹಿಡಿಯುತ್ತದೆ. ಆಗ ಹಾರಾಟ ಕಡಲಹಕ್ಕಿಯದೆಂದು ಅನ್ನಿಸುವುದೇ ಇಲ್ಲ.

ತೇವದ ಹುಲ್ಲಿನ ಮೇಲೆ ಒಂದು ಹಕ್ಕಿ ಒಂದೇ ಕಡೆ ನಿಂತು ಎರಡೂ ಕಾಲನ್ನು ಪಟಪಟ ಬಡಿಯುತ್ತಿದ್ದರೆ ಕದಲದೆ ನಿಂತು ನೋಡಿ. ಕೆಲವು ಸೆಕೆಂಡು ತುಳಿತ, ಆಮೇಲೆ ನಿಲ್ಲಿಸಿ ಕತ್ತು ಬಗ್ಗಿಸಿ ಕಾಲ ಬುಡವನ್ನು ದಿಟ್ಟಿಸುತ್ತದೆ, ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ತುಳಿತ. ನೆಲದ ಅದುರಿಗೆ ಎರೆಹುಳು ಮೇಲೆ ಬರುತ್ತದೆ. ತಿಳಿನೀರಿನಲ್ಲೂ ಹೀಗೆಯೇ ತುಳಿದು ಕೆಸರಿನ ಜೀವಿಗಳನ್ನು ಎಬ್ಬಿಸುತ್ತದೆ.

ಕಳ್ಳತನ. ಟಿಟ್ಟಿಭಗಳ ಗುಂಪಿನ ನಡುವೆ ಕರಿತಲೆಗಳು ಅಂತರ ಬಿಟ್ಟು ನಿಂತಿದ್ದರೆ ಅವು ವಿಶ್ರಾಂತಿ ತೆಗೆದುಕೊಳ್ಳುತ್ತಿಲ್ಲ, ಹೊಂಚು ಹಾಕುತ್ತಿವೆ. ಟಿಟ್ಟಿಭ ಉದ್ದನೆಯ ಹುಳುವನ್ನು ಎಳೆದು ನುಂಗಲು ಹೊತ್ತು ತೆಗೆದುಕೊಳ್ಳುತ್ತದಲ್ಲ, ಆ ಹೊತ್ತೇ ಕಳ್ಳನಿಗೆ ಬೇಕಾದ್ದು. ಬೆನ್ನಟ್ಟಿ ಬಾಯಿಂದ ಬೀಳಿಸಿ ಎತ್ತಿಕೊಂಡು ಹೋಗುತ್ತದೆ. ಹಾಗೆಂದು ಟಿಟ್ಟಿಭಕ್ಕೆ ಬರೀ ನಷ್ಟವೇ ಅಲ್ಲ. ಗಿಡುಗ ಬಂದರೆ ಮೊದಲು ಕಂಡು ಏಳುವುದು ಈ ಕಳ್ಳರೇ, ಆ ಎಚ್ಚರಿಕೆ ಪುಕ್ಕಟೆ.

ಉಪ್ಪುನೀರು. ಕಡಲಹಕ್ಕಿಗಳು ಸಮುದ್ರದ ನೀರನ್ನೇ ಕುಡಿಯಬಲ್ಲವು. ಕಣ್ಣಿನ ಮೇಲ್ಭಾಗದಲ್ಲಿರುವ ಗ್ರಂಥಿಗಳು ರಕ್ತದಿಂದ ಹೆಚ್ಚಿನ ಉಪ್ಪನ್ನು ಸೋಸಿ ಮೂಗಿನ ಹೊಳ್ಳೆಯಿಂದ ಹೊರಹಾಕುತ್ತವೆ. ಕೊಕ್ಕಿನ ತುದಿಯಲ್ಲಿ ಹನಿ ನೇತಾಡಿ, ಹಕ್ಕಿ ತಲೆ ಒದರಿದರೆ ಅದಕ್ಕೆ ನೆಗಡಿಯಾಗಿಲ್ಲ.

ಮುಖ ತಿರುಗಿಸುವುದು. ಟೊಪ್ಪಿಗೆ ಬಂದ ಕಾಲದಲ್ಲಿ ಮಾತ್ರ ನೋಡಸಿಗುವ ನೋಟ ಇದು. ಎರಡು ಹಕ್ಕಿಗಳು ಎದುರುಬದುರಾಗಿ ಕಂದು ಮುಖ ತೋರಿಸಿದರೆ ಅದು ಬೆದರಿಕೆ. ಜೋಡಿಯಾಗಲು ಬಂದ ಹಕ್ಕಿಗಳಿಗೆ ಇದು ಕಷ್ಟ: ಹತ್ತಿರ ಬರಬೇಕು, ಮುಖ ತೋರಿಸಬಾರದು. ಹಾಗಾಗಿ ಪಕ್ಕಪಕ್ಕ ನಿಂತು, ಇಬ್ಬರೂ ಒಮ್ಮೆಲೇ ತಟಕ್ಕನೆ ತಲೆಯನ್ನು ಆಚೆ ತಿರುಗಿಸುತ್ತಾರೆ. ಕಾಣುವುದು ಬಿಳಿ ಕತ್ತಿನ ಹಿಂಬದಿ ಮಾತ್ರ. ಟೊಪ್ಪಿಗೆ ಕತ್ತಿನವರೆಗೆ ಇಳಿಯದಿರುವುದು ಇಲ್ಲಿ ಉಪಯೋಗಕ್ಕೆ ಬಂತು. ಮುನಿಸಿಕೊಂಡ ದಂಪತಿಯಂತೆ ಕಂಡರೂ ಇದು ರಾಜಿಯ ಸನ್ನೆ.

ಗೂಡು, ಮೊಟ್ಟೆ. ನೂರಾರು, ಕೆಲವೆಡೆ ಸಾವಿರಾರು ಜೋಡಿಗಳು ಒತ್ತೊತ್ತಾಗಿ ಗೂಡು ಮಾಡುತ್ತವೆ. ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ, ಚುಕ್ಕೆಗಳಿರುವ ಪಾಚಿ ಕಂದು ಬಣ್ಣ. ಗಂಡು ಹೆಣ್ಣು ಸರದಿಯಲ್ಲಿ 23ರಿಂದ 26 ದಿನ ಕಾವು ಕೊಡುತ್ತವೆ. ಮರಿ ಹಾರಲು ಸುಮಾರು ಐದು ವಾರ.

ಮರಿ ಒಡೆದು ಬಂದ ಮೇಲೆ ತಾಯಿಯೋ ತಂದೆಯೋ ಖಾಲಿ ಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಎಸೆದು ಬರುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಕಾರಣವೇನೆಂದು ನಿಕೊ ಟಿನ್‌ಬರ್ಗನ್ ಮತ್ತು ಜೊತೆಗಾರರು ಇಂಗ್ಲೆಂಡಿನ ರೇವನ್‌ಗ್ಲಾಸ್ ಎಂಬಲ್ಲಿ ಇದೇ ಹಕ್ಕಿಗಳ ನಡುವೆ ಪರೀಕ್ಷಿಸಿ 1962ರಲ್ಲಿ ಪ್ರಕಟಿಸಿದರು. ಮೊಟ್ಟೆಗಳ ಪಕ್ಕ ಒಡೆದ ಚಿಪ್ಪುಗಳನ್ನು ಬೇರೆಬೇರೆ ದೂರದಲ್ಲಿಟ್ಟು ನೋಡಿದಾಗ, ಚಿಪ್ಪು ಹತ್ತಿರವಿದ್ದಷ್ಟೂ ಕಾಗೆ ಮತ್ತಿತರ ಕಳ್ಳರು ಮೊಟ್ಟೆಯನ್ನು ಹೆಚ್ಚಾಗಿ ಪತ್ತೆ ಹಚ್ಚಿದರು. ಹೊರಗೆ ನೆಲದ ಬಣ್ಣ, ಒಳಗೆ ಬಿಳಿ, ಒಡೆದ ಚಿಪ್ಪು ಗೂಡಿನ ವಿಳಾಸ ಹೇಳಿಬಿಡುತ್ತದೆ. ಹಾಗಿದ್ದೂ ಪೋಷಕ ಹಕ್ಕಿ ತಕ್ಷಣ ಎದ್ದು ಹೋಗುವುದಿಲ್ಲ, ಮರಿಯ ಮೈ ಒಣಗುವವರೆಗೆ ಕಾಯುತ್ತದೆ. ಒದ್ದೆ ಮರಿಯನ್ನು ಪಕ್ಕದ ಗೂಡಿನ ಹಕ್ಕಿಯೇ ನುಂಗಿಬಿಡುವ ಭಯ. ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಟಿನ್‌ಬರ್ಗನ್ ಒಬ್ಬರು.

ಸಂಜೆ. ಕತ್ತಲಾಗುವ ಒಂದೆರಡು ಗಂಟೆ ಮೊದಲು ಸಾಲುಸಾಲಾಗಿ, ಕೆಲವೊಮ್ಮೆ ಬಾಣದ ತುದಿಯ ಆಕಾರದಲ್ಲಿ, ದೊಡ್ಡ ಕೆರೆ ಅಥವಾ ಅಳಿವೆಯತ್ತ ಹಾರುತ್ತವೆ. ರಾತ್ರಿ ಕಳೆಯುವುದು ನೀರಿನ ಮೇಲೆ. ಎಣಿಸಬೇಕೆಂದರೆ ಇದೇ ಸಮಯ: ತಂಗುವ ಜಾಗಕ್ಕಿಂತ ಮೊದಲೇ ಅವುಗಳ ಹಾದಿಯಲ್ಲಿ ನಿಂತು, ತಲೆಯ ಮೇಲೆ ಹಾದವನ್ನು ಐದೈದು ನಿಮಿಷದ ಲೆಕ್ಕದಲ್ಲಿ ಬರೆಯಿರಿ. ಕೂತ ಮೇಲೆ ಎಣಿಸಲು ಹೋದರೆ ಕತ್ತಲೂ ಗದ್ದಲವೂ ಗೆಲ್ಲುತ್ತವೆ.

ಮಾಡಬಾರದ್ದು

ಬ್ರೆಡ್ಡು, ಕರಿದ ತಿಂಡಿ ಎಸೆದು ಹತ್ತಿರ ಕರೆಯಬೇಡಿ. ಫೋಟೊ ಬರುತ್ತದೆ ನಿಜ, ಆದರೆ ಕೈಯಿಂದ ಕಿತ್ತುಕೊಳ್ಳುವ ಚಾಳಿ ಹಕ್ಕಿಗೆ ಅಂಟುತ್ತದೆ. ನೀವು ನೋಡಲು ಬಂದ ಸಹಜ ನಡವಳಿಕೆಯೂ ಅಷ್ಟರಲ್ಲಿ ಮಾಯ.

ಗೂಡುಗಳಿರುವ ಜಾಗದ ಒಳಗೆ ಕಾಲಿಡಬೇಡಿ. ಇಡೀ ಗುಂಪು ಕಿರುಚುತ್ತ ಮೇಲೇಳುತ್ತದೆ, ಆ ಹೊತ್ತಿನಲ್ಲಿ ಮೊಟ್ಟೆ ತಣ್ಣಗಾಗುತ್ತದೆ ಅಥವಾ ಬಿಸಿಲಿಗೆ ಬೇಯುತ್ತದೆ, ಕಾಗೆ ಕಾದಿರುತ್ತದೆ. ಗಾಬರಿಯಾದ ಮರಿ ಪಕ್ಕದ ಗೂಡಿನ ಗಡಿಗೆ ಓಡಿದರೆ ಅಲ್ಲಿಯ ಹಕ್ಕಿ ಕುಕ್ಕಿ ಕೊಲ್ಲುವುದೂ ಇದೆ. ಒಂದು ಹಕ್ಕಿ ನಿಮ್ಮ ತಲೆಯ ಮೇಲೆ ಎರಗಲು ಶುರುಮಾಡಿತೆಂದರೆ ನೀವು ಆಗಲೇ ತೀರ ಒಳಗೆ ಬಂದಿದ್ದೀರಿ.

ಸತ್ತ ಅಥವಾ ತೂರಾಡುವ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಕ್ಕಿಜ್ವರ 2023ರಲ್ಲಿ ಯುರೋಪಿನ ಕರಿತಲೆ ಗೂಡುನೆಲೆಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಸ್ಥಳೀಯ ಪಶುವೈದ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ, ನಾಯಿಯನ್ನು ದೂರವಿಡಿ.

ಹಂತ 9: ಬರೆದಿಡುವುದು

ದಿನಾಂಕ, ಹೊತ್ತು, ಜಾಗ, ಸಂಖ್ಯೆ, ಎಷ್ಟು ಬಲಿತವು ಎಷ್ಟು ಎಳೆಯವು, ಟೊಪ್ಪಿಗೆ ಪೂರ್ತಿಯೋ ಅರ್ಧವೋ ಇಲ್ಲವೋ, ರೆಕ್ಕೆಯ ತುದಿ ಕಂಡಿತೋ ಇಲ್ಲವೋ. ಕೊನೆಯದನ್ನು ತಪ್ಪದೆ ಬರೆಯಿರಿ. ಆರು ತಿಂಗಳ ನಂತರ ಟಿಪ್ಪಣಿ ತೆಗೆದಾಗ ಆ ಗುರುತನ್ನು ಎಷ್ಟು ನಂಬಬಹುದೆಂದು ಹೇಳುವುದು ಅದೊಂದೇ.

ಕಾಲಿನಲ್ಲಿ ಬಣ್ಣದ ಪ್ಲಾಸ್ಟಿಕ್ ಉಂಗುರ ಕಂಡರೆ ಅದೃಷ್ಟ. ಯಾವ ಕಾಲು ಎಂದು ಬರೆಯುವಾಗ ಹಕ್ಕಿಯ ಎಡಬಲ, ನಿಮ್ಮದಲ್ಲ. ಉಂಗುರದ ಬಣ್ಣ, ಅಕ್ಷರದ ಬಣ್ಣ, ಅಕ್ಷರಗಳ ಕ್ರಮ ಬರೆದುಕೊಳ್ಳಿ. ಸಾಮಾನ್ಯವಾಗಿ ಪಾದದ ಕಡೆಯಿಂದ ಮೇಲಕ್ಕೆ ಓದುವಂತೆ ಅಚ್ಚು ಹಾಕಿರುತ್ತಾರೆ. ಮಸುಕಾದ ಒಂದು ಅಕ್ಷರವನ್ನು ಊಹಿಸಿ ತುಂಬಬೇಡಿ, ಬೇರೆ ಯಾವುದೋ ಹಕ್ಕಿಯ ಚರಿತ್ರೆ ಕೆಡುತ್ತದೆ. ಇನ್ನೊಂದು ಕಾಲಿನ ಲೋಹದ ಉಂಗುರದ ಮೇಲಿನ ಸಂಖ್ಯೆ ಪೂರ್ತಿ ಸಿಗಬೇಕಾದರೆ ಹಕ್ಕಿ ತಿರುಗಿದಂತೆಲ್ಲ ಫೋಟೊ ತೆಗೆಯುತ್ತಾ ಹೋಗಿ, ತುಂಡುಗಳನ್ನು ಆಮೇಲೆ ಜೋಡಿಸಿಕೊಳ್ಳಬಹುದು. ಈ ಜಾತಿಯ ಹಕ್ಕಿ 30 ವರ್ಷ ದಾಟಿಯೂ ಬದುಕಿದ್ದು ಗೊತ್ತಾದದ್ದು ಇಂಥ ಉಂಗುರಗಳಿಂದಲೇ.

ರೆಕ್ಕೆ ಕಾಣಲೇ ಇಲ್ಲ, ಕಣ್ಣಿನ ಬಣ್ಣವೂ ತಿಳಿಯಲಿಲ್ಲ ಎಂದಾದರೆ ಪಟ್ಟಿಯಲ್ಲಿ "ಕರಿತಲೆ ಅಥವಾ ಕಂದುತಲೆ" ಎಂದು ಬರೆದು ಮುಂದಿನ ಹಕ್ಕಿಗೆ ಹೋಗಿ.